ರೀಲಿಲ್ಲದ ಕ್ಯಾಮೆರಾ, ಕಾದ ಗಾಳಿ

ಮೈಸೂರಿನಲ್ಲಿ ಹುಟ್ಟಿ, ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಮುಂಬೈ ಸೇರಿದ ಹುಡುಗ ಮುಂದೊಂದು ದಿನ ಊರು ಬಿಡಲೊಲ್ಲದ ಯಜಮಾನನ ಸಿನಿಮಾ ಮಾಡಿದ. ಅದು ಪ್ಯಾರಿಸ್ ಮುಟ್ಟಿತು, ಕಾನ್ ಮುಟ್ಟಿತು. ಸ್ವಂತ ದೇಶದ ಥಿಯೇಟರ್ ಮುಟ್ಟಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಯಿತು. ಇದು ಎಂ.ಎಸ್. ಸತ್ಯು ಮತ್ತು ‘ಗರ್ಮ್ ಹವಾ’ದ ಕಥೆ.

ಆಗ್ರಾದ ಹಳೇ ಪೇಟೆಯ ಒಂದು ಮೂಲೆ. ಕ್ಯಾಮೆರಾ ಹೂಡಿಕೊಂಡು ಸಿನಿಮಾದವರ ಗುಂಪೊಂದು ನಿಂತಿದೆ. ಸುದ್ದಿ ಗಲ್ಲಿಯಿಂದ ಗಲ್ಲಿಗೆ ಹಬ್ಬಿ ಜನ ಮುತ್ತಿಕೊಂಡಿದ್ದಾರೆ. ಶೂಟಿಂಗ್ ನೋಡಲು ಬಂದವರಿದ್ದಾರೆ, ಶೂಟಿಂಗ್ ನಿಲ್ಲಿಸಲು ಬಂದವರೂ ಇದ್ದಾರೆ. ದೇಶ ವಿಭಜನೆಯ ಕಥೆಯಂತೆ, ಪಾಕಿಸ್ತಾನಕ್ಕೆ ಹೋಗದೆ ಇಲ್ಲೇ ಉಳಿದ ಮುಸ್ಲಿಂ ಮನೆತನದ ಕಥೆಯಂತೆ ಎಂಬ ಗುಸುಗುಸು ಊರನ್ನೆಲ್ಲ ಸುತ್ತಿದೆ.

ಆ ಗುಂಪಿಗೆ ಗೊತ್ತಿಲ್ಲದ ಸಂಗತಿ ಒಂದೇ. ಎದುರಿಗಿರುವ ಕ್ಯಾಮೆರಾದ ಹೊಟ್ಟೆಯಲ್ಲಿ ಫಿಲ್ಮಿನ ಒಂದು ತುಂಡೂ ಇಲ್ಲ.

ಅಸಲಿ ಕ್ಯಾಮೆರಾ ಆ ಹೊತ್ತಿಗೆ ಊರಿನ ಇನ್ನೊಂದು ದಿಕ್ಕಿನಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಅದರ ಮುಂದೆ ಶೇರ್ವಾನಿ ತೊಟ್ಟ ನಟ ಬಲರಾಜ್ ಸಾಹ್ನಿ. ಜನ ಇತ್ತ ಬರದಿರಲಿ ಎಂದೇ ಅತ್ತ ಒಂದು ಸುಳ್ಳು ತಂಡವನ್ನು ಕಳಿಸಲಾಗಿದೆ. ಖಾಲಿ ಕ್ಯಾಮೆರಾ ಊರೂರು ಸುತ್ತುವಂತೆ ಬೀದಿಬೀದಿ ಸುತ್ತಿ ಗದ್ದಲವನ್ನೆಲ್ಲ ತನ್ನ ಬೆನ್ನಿಗೆ ಕಟ್ಟಿಕೊಂಡಿದೆ.

ಈ ಉಪಾಯ ಹೂಡಿದ ನಿರ್ದೇಶಕರ ಇನಿಷಿಯಲ್ಲಿನಲ್ಲೇ ಊರಿನ ಗುರುತಿತ್ತು. ಮೈಸೂರು ಶ್ರೀನಿವಾಸ ಸತ್ಯು.

ಐವತ್ತು ವರ್ಷದ ಅಂತರ

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಿಂದ ಬಂದ ಒಂದು ಸುದ್ದಿ ಕನ್ನಡಿಗರನ್ನು ಹಿಗ್ಗಿಸಿತು. ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ, ಮೈಸೂರಿನ ನಂಟಿರುವ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಚಿತ್ರಕ್ಕೆ ಚಲನಚಿತ್ರ ಶಾಲೆಗಳ ವಿಭಾಗವಾದ ‘ಲಾ ಸಿನೆಫ್’ನ ಮೊದಲ ಬಹುಮಾನ ಸಿಕ್ಕಿತ್ತು. ಸೂರ್ಯಕಾಂತಿ ಹೂಗಳನ್ನು ಹೆಸರಿನಲ್ಲೇ ಹೊತ್ತ ಆ ಚಿತ್ರ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿ ಅವರು ಮಾಡಿದ್ದು. ಬಹುಮಾನದ ಮೊತ್ತ 15,000 ಯೂರೊ.

ಅದೇ ವಾರ ಪಾಯಲ್ ಕಪಾಡಿಯಾ ಅವರ ಚಿತ್ರ ಮುಖ್ಯ ಸ್ಪರ್ಧೆಯಲ್ಲಿ ಗ್ರ್ಯಾನ್ ಪ್ರಿ ಗೆದ್ದಿತು. ಟಿ.ವಿ. ಚರ್ಚೆಗಳಲ್ಲಿ ಹಳೆಯ ಪಟ್ಟಿಗಳು ಹೊರಬಿದ್ದವು. ಭಾರತದಿಂದ ಮುಖ್ಯ ಸ್ಪರ್ಧೆಗೆ ಹಿಂದೆ ಹೋದವರು ಯಾರು ಯಾರು ಎಂದು ಹುಡುಕುತ್ತ ಹೋದವರಿಗೆ 1974ರ ಸಾಲಿನಲ್ಲಿ ಸಿಕ್ಕಿದ ಹೆಸರು ‘ಗರ್ಮ್ ಹವಾ’. ಸರಿಯಾಗಿ ಐವತ್ತು ವರ್ಷ ಹಿಂದೆ, ಅದೇ ಮೇ ತಿಂಗಳು, ಅದೇ ಕಡಲತೀರ.

ಅದೊಂದು ಭಾರೀ ವರ್ಷ. ತೀರ್ಪುಗಾರರ ಮುಖ್ಯಸ್ಥರು ಫ್ರಾನ್ಸಿನ ಹಿರಿಯ ನಿರ್ದೇಶಕ ರೆನೆ ಕ್ಲೇರ್. ಸ್ಪರ್ಧೆಯಲ್ಲಿ ಅವರದೇ ನಾಡಿನ ಅಲೆನ್ ರೆನೆ, ಇಟಲಿಯ ಪಸೊಲಿನಿ, ಜರ್ಮನಿಯ ಫಾಸ್‌ಬಿಂಡರ್, ಅಮೆರಿಕದಿಂದ ಇನ್ನೂ ಮೂವತ್ತು ದಾಟದ ಸ್ಟೀವನ್ ಸ್ಪೀಲ್‌ಬರ್ಗ್. ಮೊದಲ ಬಹುಮಾನ ಕೊಪ್ಪೊಲಾ ಅವರ ‘ದಿ ಕಾನ್ವರ್ಸೇಶನ್’ ಪಾಲಾಯಿತು. ಆ ಪಂಕ್ತಿಯಲ್ಲಿ, ಸಾಲ ಮಾಡಿ ತೆಗೆದ ಒಂದು ಉರ್ದು-ಹಿಂದಿ ಚಿತ್ರವನ್ನು ಹಿಡಿದು ಕೂತವರು ಮೈಸೂರಿನ ಸತ್ಯು.

ಡಿಗ್ರಿ ಬೇಡ, ಬಣ್ಣ ಬೇಕು

ಸತ್ಯು ಹುಟ್ಟಿದ್ದು 1930ರ ಜುಲೈ 6ರಂದು, ಮೈಸೂರಿನ ಬ್ರಾಹ್ಮಣ ಕುಟುಂಬದಲ್ಲಿ. ಓದು ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಆ ಕಾಲದ ಮಧ್ಯಮವರ್ಗದ ಮನೆಗಳಿಗೆ ಬಿ.ಎಸ್‌ಸಿ. ಎಂದರೆ ಸರ್ಕಾರಿ ನೌಕರಿಯ ಹೆಬ್ಬಾಗಿಲು. 1952ರಲ್ಲಿ ಸತ್ಯು ಆ ಬಾಗಿಲನ್ನು ತಾವೇ ಮುಚ್ಚಿಕೊಂಡು ಕಾಲೇಜು ಬಿಟ್ಟರು.

ಮುಂಬೈ ಅವರನ್ನು ಹೂಹಾರ ಹಿಡಿದು ಎದುರುಗೊಳ್ಳಲಿಲ್ಲ. ಒಂದೆರಡು ವರ್ಷ ಆ್ಯನಿಮೇಶನ್ ಚಿತ್ರಗಳಿಗೆ ಬಿಡಿಗೆಲಸ. ಆಮೇಲೆ ಅದೂ ಇಲ್ಲ. ಹತ್ತಿರ ಹತ್ತಿರ ನಾಲ್ಕು ವರ್ಷ ನಿರುದ್ಯೋಗ. ಕೊನೆಗೆ ಸಂಬಳದ ಮೊದಲ ಕೆಲಸ ಕೊಟ್ಟವರು ಚೇತನ್ ಆನಂದ್, ಸಹಾಯಕ ನಿರ್ದೇಶಕನಾಗಿ.

ಗುರು ಸಿಕ್ಕಿದ್ದೂ ಎಂಥವರು! ಕಾನ್ ಚಿತ್ರೋತ್ಸವ 1946ರಲ್ಲಿ ಮೊದಲ ಬಾರಿ ನಡೆದಾಗ ಅತ್ಯುನ್ನತ ಬಹುಮಾನವನ್ನು ಹನ್ನೊಂದು ಚಿತ್ರಗಳಿಗೆ ಹಂಚಿದ್ದರು. ಅದರಲ್ಲಿ ಒಂದು ಚೇತನ್ ಆನಂದರ ‘ನೀಚಾ ನಗರ್’. ಗುರು ತುಳಿದ ಕಡಲತೀರಕ್ಕೆ ಶಿಷ್ಯ ತಲುಪಲು ಇನ್ನೂ ಬಹಳ ಕಾಲವಿತ್ತು.

ಆ ನಡುವೆ ಸತ್ಯು ದೆಹಲಿಯ ರಂಗಭೂಮಿಯಲ್ಲಿ ಮುಳುಗಿದರು. ಬೇಗಂ ಖುದ್ಸಿಯಾ ಝೈದಿ ಕಟ್ಟಿದ ಹಿಂದೂಸ್ತಾನಿ ಥಿಯೇಟರ್, ಹಬೀಬ್ ತನ್ವೀರ್ ಅವರ ತಂಡ, ರಾಜಧಾನಿಯ ಕನ್ನಡಿಗರ ಕನ್ನಡ ಭಾರತಿ, ಎಲ್ಲ ಕಡೆಗೂ ರಂಗಸಜ್ಜಿಕೆ, ಬೆಳಕು ಅವರದೇ. ಹಿಂದೂಸ್ತಾನಿ ಥಿಯೇಟರಿನ ನಂಟು ಮನೆಯವರೆಗೂ ಬಂತು. ಖುದ್ಸಿಯಾ ಅವರ ಮಗಳು ಶಮಾ ಝೈದಿ ಸತ್ಯು ಅವರ ಬಾಳಸಂಗಾತಿಯಾದರು. ಮುಂದೆ ‘ಗರ್ಮ್ ಹವಾ’ದ ಚಿತ್ರಕಥೆಗೂ ಅವರೇ ಕೈ ಹಾಕಿದರು. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೇ ಖಿಲಾಡಿ’ಗೆ ಸಂಭಾಷಣೆ ಬರೆದ ಇಬ್ಬರಲ್ಲಿ ಒಬ್ಬರೂ ಇದೇ ಶಮಾ.

1964ರಲ್ಲಿ ಚೇತನ್ ಆನಂದ್ 1962ರ ಯುದ್ಧದ ಮೇಲೆ ‘ಹಕೀಕತ್’ ತೆಗೆದಾಗ ಕಲಾ ನಿರ್ದೇಶನ ಸತ್ಯು ಪಾಲಿಗೆ ಬಂತು. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಆ ಚಿತ್ರದ ನಟವರ್ಗದಲ್ಲಿ ಬಲರಾಜ್ ಸಾಹ್ನಿ ಇದ್ದರು, ಹಾಡು ಬರೆದವರು ಕೈಫಿ ಆಜ್ಮಿ. ‘ಗರ್ಮ್ ಹವಾ’ದ ಮೂರು ಕಂಬಗಳು ಆಗಲೇ ಒಂದೇ ಸೂರಿನಡಿ ಸೇರಿದ್ದವು.

ಖಾತೆ ಯಾರ ಹೆಸರಿನಲ್ಲಿ?

ಕಥೆಯ ಬೀಜ ಲೇಖಕಿ ಇಸ್ಮತ್ ಚುಗ್ತಾಯಿ ಅವರದು, ಅಚ್ಚಾಗದ ಒಂದು ಕಥೆ. ಅದನ್ನು ಕೈಫಿ ಮತ್ತು ಶಮಾ ತಿದ್ದಿ ಬೆಳೆಸಿದರು. ಕಾನ್ಪುರದ ಚರ್ಮದ ಕಾರ್ಮಿಕರ ನಡುವೆ ಸಂಘಟನೆ ಮಾಡಿದ್ದ ಕೈಫಿ ತಮ್ಮ ಅನುಭವ ತಂದು ಸುರಿದರು. ಹೀಗೆ ಸಾಹ್ನಿ ನಟಿಸಿದ ನಾಯಕ ಸಲೀಂ ಮಿರ್ಜಾ ಆಗ್ರಾದ ಚಪ್ಪಲಿ-ಬೂಟಿನ ಕಾರ್ಖಾನೆಯ ಒಡೆಯನಾದ.

ಕಾಲ ಗಾಂಧೀಜಿ ಕೊಲೆಯಾದ ನಂತರದ ದಿನಗಳು. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಿದ್ದಾರೆ. ಸಲೀಂ ಮಾತ್ರ ಹೋಗುವುದಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ವ್ಯಾಪಾರಿಗಳು ಆರ್ಡರ್ ಕೊಡುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ. ಆದರೂ ಹೋಗುವುದಿಲ್ಲ.

ಚಿತ್ರದಲ್ಲಿ ರಕ್ತಪಾತದ ಅಬ್ಬರವಿಲ್ಲ. ಕತ್ತಿ ಝಳಪಿಸುವ ಗುಂಪಿಲ್ಲ. ವಿಭಜನೆ ಇಲ್ಲಿ ಬರುವುದು ಕಾಗದದ ರೂಪದಲ್ಲಿ. ಮಿರ್ಜಾ ಕುಟುಂಬದ ಹವೇಲಿಯ ದಾಖಲೆ ಇದ್ದದ್ದು ಅಣ್ಣ ಹಲೀಂ ಹೆಸರಿನಲ್ಲಿ. ಅಣ್ಣ ಗಡಿ ದಾಟಿದ. ಮನೆ ‘ವಲಸೆ ಹೋದವರ ಆಸ್ತಿ’ ಎಂದು ಸರ್ಕಾರದ ಪಾಲಾಯಿತು, ಸಿಂಧ್‌ನಿಂದ ಎಲ್ಲ ಕಳೆದುಕೊಂಡು ಬಂದ ವ್ಯಾಪಾರಿಗೆ ಮಂಜೂರಾಯಿತು. ಒಬ್ಬ ನಿರಾಶ್ರಿತನಿಗೆ ಸೂರು ಕೊಡಲು ಇನ್ನೊಬ್ಬ ನಿರಾಶ್ರಿತನಾಗಬೇಕಾಯಿತು. ಎ.ಕೆ. ಹಾನಗಲ್ ನಟಿಸಿದ ಆ ಸಿಂಧಿ ವ್ಯಾಪಾರಿಯನ್ನು ಸತ್ಯು ಖಳನನ್ನಾಗಿ ಮಾಡಲಿಲ್ಲ.

ಈ ಎಳೆಯ ಬಿಸಿ ಮೈಸೂರಿನ ವಿಜಯನಗರದಂಥ ಬಡಾವಣೆಯಲ್ಲಿ ಕುಳಿತವರಿಗೆ ತಟ್ಟನೆ ತಟ್ಟುತ್ತದೆ. ಸತ್ಯು ಊರು ಬಿಟ್ಟ 1952ರಲ್ಲಿ ಈ ಬಡಾವಣೆ ಇರಲೇ ಇಲ್ಲ. ಈಗ ಒಂದನೇ ಹಂತದಿಂದ ನಾಲ್ಕನೇ ಹಂತದವರೆಗೆ ಸಾಲುಮನೆ. ಗೇಟಿನ ಪಕ್ಕ ಕಲ್ಲಲ್ಲಿ ಕೆತ್ತಿಸಿದ ಮನೆಯ ಹೆಸರು, ಒಳಗೆ ಬೀರುವಿನಲ್ಲಿ ಭದ್ರವಾದ ಖಾತೆ, ಕಂದಾಯದ ರಸೀದಿ. ‘ಮನೆ ನಮ್ಮದೇ, ಖಾತೆ ಮಾತ್ರ ಅಣ್ಣನ ಹೆಸರಲ್ಲಿದೆ’ ಎಂಬ ಮಾತಿನ ತೂಕ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

[ಬಾಕ್ಸ್] ‘ಗರ್ಮ್ ಹವಾ’: ಜಮಾ-ಖರ್ಚು

- ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಕೊಟ್ಟದ್ದು: 2.5 ಲಕ್ಷ ರೂ.
- ಸ್ನೇಹಿತರಿಂದ ಸಾಲ ಎತ್ತಿದ್ದು: ಸುಮಾರು 7.5 ಲಕ್ಷ ರೂ.
- ಕ್ಯಾಮೆರಾ: ಅರಿಫ್ಲೆಕ್ಸ್. ಅದೂ ಸ್ನೇಹಿತರಿಂದ ಎರವಲು
- ಹೊಸ ಹುಡುಗ ಫಾರೂಖ್ ಶೇಖ್ ಸಂಭಾವನೆ: 750 ರೂ.
- ಸ್ಥಳದಲ್ಲಿ ಧ್ವನಿಮುದ್ರಣ: ಇಲ್ಲ. ಉಪಕರಣ ತರಲು ದುಡ್ಡಿರಲಿಲ್ಲ
- ಛಾಯಾಗ್ರಾಹಕ: ಜಾಹೀರಾತು ಲೋಕದಿಂದ ಬಂದ ಇಶಾನ್ ಆರ್ಯ. ಕಥಾಚಿತ್ರಕ್ಕೆ ಹೊಸಬರು, ನಿರ್ಮಾಣದಲ್ಲೂ ಪಾಲುದಾರರು

ಮೂಕ ಶೂಟಿಂಗ್

ದುಡ್ಡಿಲ್ಲದ್ದು ಈ ಚಿತ್ರದ ಶೈಲಿಯನ್ನೇ ನಿರ್ಧರಿಸಿತು. ಸೆಟ್ ಹಾಕಿ ಪ್ರಶಸ್ತಿ ಗೆದ್ದ ಕಲಾ ನಿರ್ದೇಶಕ ಇಲ್ಲಿ ಸೆಟ್ಟನ್ನೇ ಕೈಬಿಟ್ಟರು. ಆಗ್ರಾದ ಪೀಪಲ್ ಮಂಡಿಯ ನಿಜವಾದ ಹವೇಲಿಯೊಂದು ಮಿರ್ಜಾಗಳ ಮನೆಯಾಯಿತು. ನಿಜವಾದ ಗಲ್ಲಿಗಳೇ ಗಲ್ಲಿಗಳಾದವು. ಫತೇಪುರ್ ಸಿಕ್ರಿಯ ದರ್ಗಾ ಪ್ರೇಮಿಗಳು ಸಂಧಿಸುವ ಜಾಗವಾಯಿತು. ಆಗ್ರಾದ ಇಪ್ಟಾ ರಂಗತಂಡದವರು ಸಣ್ಣಪುಟ್ಟ ಪಾತ್ರಗಳಿಗೆ ಬಂದು ನಿಂತರು.

ಇಡೀ ಚಿತ್ರವನ್ನು ಮೂಕಿಯಂತೆ ಚಿತ್ರೀಕರಿಸಿ, ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಮಾತು ಕೂರಿಸಿದರು.

ಇದೇ ಬಗೆಯ ಬಡತನದಿಂದ ಫ್ರಾನ್ಸಿನಲ್ಲೂ ಒಂದು ಶೈಲಿ ಹುಟ್ಟಿತ್ತು. ನಿರ್ದೇಶಕ ಗೊಡಾರ್ 1960ರ ‘ಬ್ರೆತ್‌ಲೆಸ್’ ಚಿತ್ರವನ್ನು ತೆಗೆದದ್ದೂ ಹೀಗೆಯೇ, ಕೈಯಲ್ಲಿ ಹಿಡಿಯುವ ಕ್ಯಾಮೆರಾದಿಂದ. ಮಾತು ಕೂರಿಸಿದ್ದು ಆಮೇಲೆ. ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ಜನ ಕ್ಯಾಮೆರಾ ನೋಡಬಾರದೆಂದು ಛಾಯಾಗ್ರಾಹಕ ರೌಲ್ ಕುಟಾರ್‌ರನ್ನು ಅಂಚೆ ಗಾಡಿಯೊಳಗೆ ಅಡಗಿಸಿ ತಳ್ಳಿಕೊಂಡು ಹೋಗಿದ್ದರು. ಗೊಡಾರ್ ಇದ್ದ ಕ್ಯಾಮೆರಾವನ್ನು ಬಚ್ಚಿಟ್ಟರು. ಸತ್ಯು ಇಲ್ಲದ ಶೂಟಿಂಗನ್ನು ಊರಿಗೆಲ್ಲ ತೋರಿಸಿ ಇರುವುದನ್ನು ಬಚ್ಚಿಟ್ಟರು. ನಾಟಕದವರ ಬುದ್ಧಿ ಅದು, ಪ್ರೇಕ್ಷಕರ ಕಣ್ಣನ್ನು ಬೆಳಕು ಇರುವ ಕಡೆ ತಿರುಗಿಸುವುದು.

ಆದರೆ ಒಂದು ವ್ಯತ್ಯಾಸವಿದೆ. ಫ್ರೆಂಚ್ ಹೊಸ ಅಲೆಯವರಿಗೆ ನಿರ್ದೇಶಕನೇ ಚಿತ್ರದ ಕರ್ತೃ, ಕ್ಯಾಮೆರಾ ಅವನ ಲೇಖನಿ. ‘ಗರ್ಮ್ ಹವಾ’ದ ಹೆಸರುಪಟ್ಟಿ ಓದಿದರೆ ಅದೊಂದು ಒಟ್ಟು ಕುಟುಂಬದ ಮದುವೆ ಪತ್ರಿಕೆಯಂತಿದೆ. ಹೆಂಡತಿಯ ಚಿತ್ರಕಥೆ, ಗೆಳೆಯ ಕೈಫಿಯ ಸಂಭಾಷಣೆ, ಗೆಳೆಯನ ಹೆಂಡತಿ ಶೌಕತ್ ಆಜ್ಮಿಯ ನಟನೆ, ಬಹುಪಾಲು ಎಲ್ಲರೂ ಇಪ್ಟಾದ ನಾಟಕದ ಬಂಧುಗಳು.

ಹವೇಲಿಯ ಅಜ್ಜಿ

ಸಲೀಂ ಮಿರ್ಜಾನ ಮುದಿ ತಾಯಿಯ ಪಾತ್ರಕ್ಕೆ ಸತ್ಯು ಮೊದಲು ಕೇಳಿದ್ದು ಗಜಲ್ ಗಾಯಕಿ ಬೇಗಂ ಅಖ್ತರ್ ಅವರನ್ನು. ಅವರು ಒಪ್ಪಲಿಲ್ಲ. ಶೂಟಿಂಗ್ ನಡೆಯುವ ಹವೇಲಿಯ ಮಾಲೀಕರೇ ದಾರಿ ತೋರಿಸಿದರು. ಅದು ಕರೆದೊಯ್ದದ್ದು ಆಗ್ರಾದ ವೇಶ್ಯಾವಾಟಿಕೆಗೆ.

ಅಲ್ಲಿ ಸಿಕ್ಕಿದವರು ಬದರ್ ಬೇಗಂ. ಎಪ್ಪತ್ತು ದಾಟಿದ ಜೀವ, ಪೊರೆ ಬಂದು ಕಣ್ಣು ಹೆಚ್ಚುಕಡಿಮೆ ಮಂಜು. ಕೇಳಿದರೆ ಅವರ ಬದುಕೇ ಒಂದು ಸಿನಿಮಾ. ಹದಿನಾರನೇ ವಯಸ್ಸಿಗೆ ನಟಿಯಾಗಬೇಕೆಂದು ಮುಂಬೈಗೆ ಓಡಿಹೋಗಿದ್ದರು. ಅಲ್ಲಿ ದಕ್ಕಿದ್ದು ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕೆಲಸವಷ್ಟೆ. ಸಿಕ್ಕ ಕಾಸನ್ನು ಟಿಕೆಟ್ಟಿಗೆ ಹಾಕಿ ಆಗ್ರಾಕ್ಕೆ ಮರಳಿದರು. ಆಮೇಲೆ ಈ ಓಣಿಯೇ ಬದುಕಾಯಿತು. ಅರ್ಧ ಶತಮಾನ ಕಳೆದ ಮೇಲೆ ಸಿನಿಮಾವೇ ಅವರ ಬಾಗಿಲಿಗೆ ಬಂದು ನಿಂತಿತ್ತು.

ಚಿತ್ರದಲ್ಲಿ ಈ ಅಜ್ಜಿ ಮದುವೆಯಾಗಿ ಬಂದ ಮನೆಯನ್ನು ಬಿಡಲೊಲ್ಲಳು. ಎಲ್ಲರೂ ಗಂಟುಮೂಟೆ ಕಟ್ಟಿದಾಗ ಅವಳು ಸೌದೆ ಕೋಣೆಗೆ ಹೋಗಿ ಅಡಗಿ ಕೂರುತ್ತಾಳೆ. ಮಗ ಎತ್ತಿಕೊಂಡು ಹೊರತರಬೇಕಾಗುತ್ತದೆ. ಮುಂದೆ ಸಾಯುವ ಹೊತ್ತಿಗೆ ಅವಳ ಆಸೆಯೊಂದೇ, ಆ ಮನೆಯನ್ನು ಇನ್ನೊಮ್ಮೆ ನೋಡಬೇಕು. ಅವಳನ್ನು ಡೋಲಿಯಲ್ಲಿ ಕೂರಿಸಿ ಹಳೆಯ ಹವೇಲಿಗೆ ಹೊತ್ತು ತರುತ್ತಾರೆ. ವಧುವಾಗಿ ಬಂದ ಬಾಗಿಲು, ಬಂದ ಹಾಗೆಯೇ ಡೋಲಿ. ಕ್ಯಾಮೆರಾ ಆ ಮೆಟ್ಟಿಲುಗಳನ್ನು ಅವಳ ಕಣ್ಣಿನಿಂದಲೇ ನೋಡುವಂತೆ ಓಲಾಡುತ್ತ ಏರುತ್ತದೆ.

ಬದರ್ ಬೇಗಂ ಅವರ ಮುಖಕ್ಕೆ ದನಿ ಕೊಟ್ಟವರು ನಟಿ ದೀನಾ ಪಾಠಕ್.

ಅಳದ ಅಪ್ಪ

ಸಲೀಂ ಮಿರ್ಜಾನ ಮಗಳು ಆಮಿನಾಗೆ ಎರಡು ಬಾರಿ ಮದುವೆಯ ಮಾತು. ಎರಡು ಬಾರಿಯೂ ಹುಡುಗ ಗಡಿಯ ಆಚೆ. ಎರಡನೆಯದು ಮುರಿದಾಗ ಅವಳು ಜೀವ ಕಳೆದುಕೊಳ್ಳುತ್ತಾಳೆ.

ಬಲರಾಜ್ ಸಾಹ್ನಿ ತಮ್ಮ ಮಗಳು ಶಬನಂ ಅವರನ್ನು 1972ರಲ್ಲಿ ಕಳೆದುಕೊಂಡಿದ್ದರು. ಮಗಳ ಹೆಣದ ಮುಂದೆ ಅಪ್ಪ ನಿಲ್ಲುವ ದೃಶ್ಯವನ್ನು ಅಂಥ ನಟನ ಕೈಯಲ್ಲಿ ಮಾಡಿಸುವುದು ಹೇಗೆ? ತೆರೆಯ ಮೇಲೆ ಕಾಣುವುದು ಇಷ್ಟೆ. ಸಾಹ್ನಿ ಬರುತ್ತಾರೆ, ನೋಡುತ್ತಾರೆ. ಗೋಳಿಲ್ಲ, ಹಿನ್ನೆಲೆಯಲ್ಲಿ ಎದೆ ಬಿರಿಯುವ ವಾದ್ಯಗೋಷ್ಠಿಯಿಲ್ಲ. ಮುಖದ ಒಂದೆರಡು ಗೆರೆ ಅಲುಗುತ್ತವೆ, ಅಷ್ಟೆ. ಕಣ್ಣೀರಿನ ಕೆಲಸವನ್ನು ಸತ್ಯು ಪ್ರೇಕ್ಷಕನಿಗೆ ಬಿಟ್ಟುಕೊಟ್ಟರು.

ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ಹೃದಯಾಘಾತದಿಂದ ತೀರಿಕೊಂಡರು. ತಮ್ಮ ಅತಿ ದೊಡ್ಡ ಪಾತ್ರವನ್ನು ಅವರು ತೆರೆಯ ಮೇಲೆ ನೋಡಲಿಲ್ಲ.

ಡಬ್ಬದಲ್ಲಿ ಎಂಟು ತಿಂಗಳು

ಸಿದ್ಧವಾದ ಚಿತ್ರ ಸೆನ್ಸಾರ್ ಮೇಜಿನ ಮೇಲೆ ಕುಳಿತುಬಿಟ್ಟಿತು. ಕೋಮುಗಲಭೆಯಾದೀತು ಎಂಬ ಅಂಜಿಕೆ. ಎಂಟು ತಿಂಗಳು ಹೀಗೇ ಕಳೆಯಿತು. ಸತ್ಯು ರೀಲಿನ ಡಬ್ಬಗಳನ್ನು ಹೊತ್ತು ಅಧಿಕಾರಿಗಳಿಗೆ, ರಾಜಕೀಯ ಮುಖಂಡರಿಗೆ, ಪತ್ರಕರ್ತರಿಗೆ ಚಿತ್ರ ತೋರಿಸುತ್ತ ಅಲೆದರು. ಪ್ಯಾರಿಸ್ಸಿನಲ್ಲಿ ಚಿತ್ರ ಪ್ರದರ್ಶನ ಕಂಡಿತು. ಅಲ್ಲಿಂದ ಕಾನ್ ಸ್ಪರ್ಧೆಯ ಬಾಗಿಲು ತೆರೆಯಿತು.

ಭಾರತದಲ್ಲಿ ಧೈರ್ಯ ಮಾಡಿದ್ದು ಬೆಂಗಳೂರು. ಸಾಗರ್ ಮತ್ತು ಸಂಗೀತ್ ಎಂಬ ಎರಡು ಥಿಯೇಟರುಗಳಲ್ಲಿ ಚಿತ್ರ ತೆರೆ ಕಂಡಿತು. ಗಲಭೆಯೂ ಇಲ್ಲ, ಗಲಾಟೆಯೂ ಇಲ್ಲ, ಜನ ಬಂದರು, ನೋಡಿದರು. ಆ ಎರಡು ಥಿಯೇಟರುಗಳ ಗಲ್ಲಾಪೆಟ್ಟಿಗೆಯೇ ಉಳಿದ ಊರುಗಳ ವಿತರಕರಿಗೆ ಭರವಸೆಯ ಚೀಟಿಯಾಯಿತು. ಮುಂಬೈನ ರೀಗಲ್‌ನಲ್ಲಿ ಪ್ರದರ್ಶನಕ್ಕೆ ಮುನ್ನ ಶಿವಸೇನೆಯ ಬಾಳ್ ಠಾಕ್ರೆ ವಿರೋಧ ಒಡ್ಡಿದ್ದರು. ವಿಶೇಷ ಪ್ರದರ್ಶನ ಏರ್ಪಡಿಸಿ ತೋರಿಸಿದ ಮೇಲೆ ಆ ಅಡ್ಡಿಯೂ ಸರಿಯಿತು.

ಆಮೇಲೆ ನಡೆದದ್ದು ಪೂರಾ ತಿರುವು. ಗಲಭೆಗೆ ಕಾರಣವಾದೀತು ಎಂದು ತಡೆದಿದ್ದ ಚಿತ್ರಕ್ಕೆ ಅದೇ ಸರ್ಕಾರ ಕೊಟ್ಟದ್ದು ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ. ಆಸ್ಕರ್‌ಗೆ ಭಾರತದ ಅಧಿಕೃತ ಚಿತ್ರವಾಗಿ ಹೋದದ್ದೂ ಅದೇ. ಕಥೆ, ಚಿತ್ರಕಥೆ, ಸಂಭಾಷಣೆ ಮೂರಕ್ಕೂ ಫಿಲ್ಮ್‌ಫೇರ್ ಬಂತು. 1975ರಲ್ಲಿ ಸತ್ಯು ಅವರಿಗೆ ಪದ್ಮಶ್ರೀ.

[ಬಾಕ್ಸ್] ಕಾನ್ ದಾರಿಯಲ್ಲಿ ಭಾರತ

- 1946: ಚೇತನ್ ಆನಂದರ ‘ನೀಚಾ ನಗರ್’, ಗ್ರ್ಯಾನ್ ಪ್ರಿ (ಹಂಚಿಕೆ)
- 1956: ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಅತ್ಯುತ್ತಮ ಮಾನವೀಯ ದಾಖಲೆ
- 1974: ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’, ಮುಖ್ಯ ಸ್ಪರ್ಧೆ
- 1983: ಮೃಣಾಲ್ ಸೇನ್ ಅವರ ‘ಖಾರಿಜ್’, ತೀರ್ಪುಗಾರರ ಬಹುಮಾನ
- 1988: ಮೀರಾ ನಾಯರ್ ಅವರ ‘ಸಲಾಮ್ ಬಾಂಬೆ’, ಚೊಚ್ಚಲ ಚಿತ್ರಕ್ಕೆ ಕ್ಯಾಮೆರಾ ದೋರ್
- 1999: ಮುರಳಿ ನಾಯರ್ ಅವರ ‘ಮರಣ ಸಿಂಹಾಸನಂ’, ಕ್ಯಾಮೆರಾ ದೋರ್
- 2024: ಪಾಯಲ್ ಕಪಾಡಿಯಾ, ಗ್ರ್ಯಾನ್ ಪ್ರಿ; ಚಿದಾನಂದ ನಾಯ್ಕ್, ಲಾ ಸಿನೆಫ್ ಮೊದಲ ಬಹುಮಾನ

ಕನ್ನಡಕ್ಕೆ ಮರಳಿದ ಸತ್ಯು

ಕಾನ್ ಕಂಡು ಬಂದ ನಿರ್ದೇಶಕ ಹಿಂದಿಯಲ್ಲೇ ಬೇರು ಬಿಡಬಹುದಿತ್ತು. ಸತ್ಯು ಕನ್ನಡದ ಕಡೆ ತಿರುಗಿದರು.

1977ರ ‘ಕನ್ನೇಶ್ವರ ರಾಮ’ದಲ್ಲಿ ಅನಂತ್ ನಾಗ್ ದರೋಡೆಕೋರ. ಜೊತೆಗೆ ಶಬಾನಾ ಆಜ್ಮಿ, ಅಮೋಲ್ ಪಾಲೇಕರ್. ಸಂಗೀತ ಬಿ.ವಿ. ಕಾರಂತರದು. ಎಸ್.ಕೆ. ನಾಡಿಗರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಬಂಡಾಯಗಾರನ ಬದುಕು ಲಾವಣಿಯ ಓಟದಲ್ಲಿ ಬಿಚ್ಚಿಕೊಳ್ಳುತ್ತದೆ. ಮರುವರ್ಷವೇ ‘ಚಿತೆಗೂ ಚಿಂತೆ’, ಕಾಲ್ಪನಿಕ ದ್ವೀಪವೊಂದರಲ್ಲಿ ನಡೆಯುವ ರಾಜಕೀಯ ವಿಡಂಬನೆ. ತುರ್ತು ಪರಿಸ್ಥಿತಿ ಆಗಷ್ಟೇ ಕಳೆದಿತ್ತು. ದ್ವೀಪ ಯಾವುದೆಂದು ಪ್ರೇಕ್ಷಕರಿಗೆ ನಕಾಶೆ ಬೇಕಿರಲಿಲ್ಲ.

ಆಮೇಲೆ ಬಂದದ್ದು ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿದ ‘ಬರ’. ಬರಪೀಡಿತ ಜಿಲ್ಲೆಗೆ ಬಂದ ಯುವ ಜಿಲ್ಲಾಧಿಕಾರಿಯಾಗಿ ಮತ್ತೆ ಅನಂತ್ ನಾಗ್. ಜನರಿಗೆ ಕಾಳು ಮುಟ್ಟಿಸಲು ಹೊರಟವನ ಕಾಲಿಗೆ ಕಡತ, ಕೋಮು ರಾಜಕಾರಣ, ದಾಸ್ತಾನುದಾರರು ಒಬ್ಬರಾದ ಮೇಲೊಬ್ಬರು ತೊಡರುತ್ತಾರೆ. ‘ಗರ್ಮ್ ಹವಾ’ದಲ್ಲಿ ಕಾಗದ ಒಬ್ಬನ ಮನೆ ಕಸಿದರೆ ‘ಬರ’ದಲ್ಲಿ ಒಂದು ಜಿಲ್ಲೆಯ ಅನ್ನ ಕಸಿಯುತ್ತದೆ. ಹಿಂದಿಯಲ್ಲಿ ಅದು ‘ಸೂಖಾ’ ಆಯಿತು.

ಸಿನಿಮಾ ಸಿಕ್ಕ ವರ್ಷಗಳೇ ವಿರಳ. ‘ಗಳಿಗೆ’ ಬಂದದ್ದು 1990ರ ದಶಕದಲ್ಲಿ, ಬಸವಿ ಪದ್ಧತಿಯ ಸುತ್ತ ಹೆಣೆದ ‘ಇಜ್ಜೋಡು’ ಬಂದದ್ದು 2009ರಲ್ಲಿ, ಮೀರಾ ಜಾಸ್ಮಿನ್ ಮತ್ತು ಅನಿರುದ್ಧ್ ಜೋಡಿಯಾಗಿ. ಆಗ ನಿರ್ದೇಶಕರಿಗೆ ಎಪ್ಪತ್ತೊಂಬತ್ತು. ಆರು ದಶಕದಲ್ಲಿ ಕಥಾಚಿತ್ರಗಳು ಬೆರಳೆಣಿಕೆ. ಸಾಕ್ಷ್ಯಚಿತ್ರಗಳು ಸುಮಾರು ಹದಿನೈದು.

ನಡುವಿನ ಖಾಲಿಯನ್ನೆಲ್ಲ ತುಂಬಿದ್ದು ನಾಟಕ. ಇಪ್ಟಾಕ್ಕಾಗಿ ಮಾಡಿಸಿದ ‘ಬಕ್ರಿ’ ಎಂಬ ರಾಜಕೀಯ ವಿಡಂಬನೆ ವರ್ಷಗಟ್ಟಲೆ ಪ್ರದರ್ಶನ ಕಂಡಿತು. ಕನ್ನಡದಲ್ಲಿ ಅದು ‘ಕುರಿ’ಯಾಯಿತು. ಗಾಲಿಬ್ ಕಾಲದ ದೆಹಲಿಯನ್ನು ತೋರುವ ‘ಆಖ್ರೀ ಶಮಾ’, ಮೊಗಲ್ ರಾಜಕುಮಾರನ ಕಥೆಯ ‘ದಾರಾ ಶಿಕೊ’, ಕನ್ನಡದ ‘ಗುಲ್-ಎ-ಬಕಾವಲಿ’, ಹೀಗೆ ಪಟ್ಟಿ ಉದ್ದ. 1994ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಸಿನಿಮಾದವರು ಅವರನ್ನು ನಾಟಕದವರೆಂದರು, ನಾಟಕದವರು ಸಿನಿಮಾದವರೆಂದರು. ಸತ್ಯು ಎರಡೂ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದರು.

[ಬಾಕ್ಸ್] ಮೈಸೂರು ಸೀಮೆಯಿಂದ ತೆರೆಗೆ

- ಸಾಬು: ಎಚ್.ಡಿ. ಕೋಟೆ ಕಡೆಯ ಕಾರಾಪುರದ ಮಾವುತನ ಮಗ. ರಾಬರ್ಟ್ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೋರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದಿಂದ ಹಾಲಿವುಡ್‌ಗೆ.
- ಜಿ.ವಿ. ಅಯ್ಯರ್: ನಂಜನಗೂಡಿನವರು. ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ (1983) ಇವರದು.
- ಪುಟ್ಟಣ್ಣ ಕಣಗಾಲ್: ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು.
- ಪ್ರೀಮಿಯರ್ ಸ್ಟುಡಿಯೊ: ಹುಣಸೂರು ರಸ್ತೆಯಲ್ಲಿತ್ತು. 1989ರ ಫೆಬ್ರವರಿ 8ರಂದು ‘ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬಿದ್ದ ಬೆಂಕಿಯಲ್ಲಿ 62 ಮಂದಿ ಸತ್ತರು.

ಮತ್ತೆ ಬೀಸಿದ ಗಾಳಿ

‘ಗರ್ಮ್ ಹವಾ’ ಬಹುಕಾಲ ದೂರದರ್ಶನದ ನೆನಪಾಗಿ, ಗೀರುಬಿದ್ದ ಪ್ರಿಂಟುಗಳಾಗಿ ಉಳಿದಿತ್ತು. ಡಿಜಿಟಲ್ ತಂತ್ರದಿಂದ ಚಿತ್ರವನ್ನು ತೊಳೆದು ಹೊಸದು ಮಾಡಿ 2014ರ ನವೆಂಬರ್ 14ರಂದು ಮತ್ತೆ ಥಿಯೇಟರುಗಳಿಗೆ ತಂದರು. ಎಂಬತ್ತನಾಲ್ಕರ ಸತ್ಯು ತಮ್ಮ ಚಿತ್ರವನ್ನು ಅದು ಬಿಡುಗಡೆಯಾದಾಗ ಹುಟ್ಟಿಯೇ ಇರದ ಪ್ರೇಕ್ಷಕರ ಜೊತೆ ನೋಡಿದರು. ಬಲರಾಜ್ ಸಾಹ್ನಿ ಇರಲಿಲ್ಲ, ಕೈಫಿ ಇರಲಿಲ್ಲ, ಇಸ್ಮತ್ ಇರಲಿಲ್ಲ. 750 ರೂಪಾಯಿಯ ಹುಡುಗ ಫಾರೂಖ್ ಶೇಖ್ ಕೂಡ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ಕೊನೆಯ ದೃಶ್ಯದಲ್ಲಿ ಸಲೀಂ ಮಿರ್ಜಾ ಸೋತು, ಉಳಿದ ಕುಟುಂಬವನ್ನು ಜಟಕಾ ಹತ್ತಿಸಿಕೊಂಡು ರೈಲು ನಿಲ್ದಾಣಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಅಡ್ಡ ಬರುತ್ತದೆ. ಮಗ ಸಿಕಂದರ್ ಇಳಿದು ಅದರೊಳಗೆ ಸೇರುತ್ತಾನೆ. ಅಪ್ಪ ಒಂದು ಗಳಿಗೆ ನೋಡುತ್ತಾನೆ. ಜಟಕಾವನ್ನು ಮನೆಗೆ ತಿರುಗಿಸಲು ಹೇಳಿ, ತಾನೂ ಇಳಿದು ಗುಂಪಿನೊಳಗೆ ನಡೆದುಬಿಡುತ್ತಾನೆ. ಮೈಸೂರು ಬಿಟ್ಟ ಹುಡುಗ ಬೇರೆ ಯಾರದೋ ಊರಿನಲ್ಲಿ, ತನ್ನದಲ್ಲದ ನುಡಿಯಲ್ಲಿ, ಊರು ಬಿಡದವನ ಪರವಾಗಿ ಹೂಡಿದ ವಾದ ಅಲ್ಲಿಗೆ ನಿಲ್ಲುತ್ತದೆ.

ಐವತ್ತು ವರ್ಷ ಬಿಟ್ಟು ಅದೇ ಕಾನ್‌ನಲ್ಲಿ ಗೆದ್ದ ಚಿದಾನಂದ ನಾಯ್ಕ್ ಅವರ ಪುಟ್ಟ ಚಿತ್ರದ ನಡುವಿನಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಕನ್ನಡದ ಜನಪದ ಕಥೆಯಿಂದ ಎದ್ದು ಬಂದವಳು. ಅವಳು ಊರಿನ ಹುಂಜವನ್ನು ಕದ್ದುಬಿಡುತ್ತಾಳೆ. ಹುಂಜ ಕೂಗದ ಊರಿನಲ್ಲಿ ಬೆಳಕೇ ಹರಿಯುವುದಿಲ್ಲ. ಹುಂಜ ಮರಳಿ ಬರಲೆಂದು ಅವಳ ಮನೆಯವರನ್ನು ಊರಿನಿಂದ ಆಚೆ ಹಾಕುತ್ತಾರೆ.

ಆಗ್ರಾದ ಅಜ್ಜಿ ಸೌದೆ ಕೋಣೆಯಲ್ಲಿ ತಾನೇ ಅಡಗಿದ್ದಳು. ಈ ಅಜ್ಜಿ ಕತ್ತಲಲ್ಲಿ ಹುಂಜವನ್ನು ಅಡಗಿಸಿಕೊಂಡಿದ್ದಾಳೆ.